ಸೋರುವ ತಾರಸಿಯ ಖರ್ಚು ಯಾರದು?

ಪ್ರಶ್ನೆ: ಪರಸ್ಪರ ಒಪ್ಪಿಗೆಯ ಮೇರೆಗೆ ಎರಡು ವರ್ಷಗಳ ಹಿಂದೆ ನಮಗೆ ವಿಚ್ಛೇದನವಾಯಿತು. ಮೈಸೂರಿನ ಮನೆ ಇಬ್ಬರ ಹೆಸರಿನಲ್ಲಿದ್ದು, ಸಮಪಾಲು. ಮಗಳ ಪದವಿ ಮುಗಿಯುವವರೆಗೆ ಮನೆ ಮಾರಬಾರದು, ನಾನೂ ಮಗಳೂ ಅಲ್ಲಿ ವಾಸವಿರಬಹುದು, ಗೃಹಸಾಲದ ಕಂತನ್ನು ಅರ್ಧರ್ಧ ಕಟ್ಟಬೇಕು ಎಂದು ರಾಜಿ ಪತ್ರದಲ್ಲಿದೆ. ದುರಸ್ತಿಯ ಮಾತೇ ಇಲ್ಲ. ಕಳೆದ ಮಳೆಗಾಲದಿಂದ ತಾರಸಿ ಸೋರುತ್ತಿದ್ದು, ಮಲಗುವ ಕೋಣೆಯ ಸೂರಿನ ಗಾರೆ ಉದುರುತ್ತಿದೆ. ತಾರಸಿ ಕೆಲಸ, ಇಡೀ ಮನೆಯ ಬಣ್ಣ, ಅಡುಗೆಮನೆಯ ಹೊಸ ಕಪಾಟು ಎಲ್ಲ ಸೇರಿ ಮೇಸ್ತ್ರಿ 2,60,000 ರೂಪಾಯಿ ಹೇಳಿದ್ದಾರೆ. ‘ಇರುವವಳು ನೀನು, ಖರ್ಚೂ ನಿನ್ನದೇ’ ಎನ್ನುತ್ತಾರೆ ನನ್ನ ಮಾಜಿ ಪತಿ. ಮನೆ ಕಂದಾಯವನ್ನೂ ನಾನೇ ಕಟ್ಟುತ್ತಿದ್ದೇನೆ. ನನ್ನ ಪಾಲಿನ ಸಾಲದ ಕಂತು ನಿಲ್ಲಿಸಿ ಆ ಹಣದಲ್ಲಿ ದುರಸ್ತಿ ಮಾಡಿಸಬಹುದೇ?
– ಹೆಸರು ಬೇಡ, ಮೈಸೂರು

ಉತ್ತರ: ಕಂತು ನಿಲ್ಲಿಸುವ ಯೋಚನೆಯನ್ನು ಮೊದಲು ಬಿಡಿ. ಜಂಟಿ ಸಾಲದಲ್ಲಿ ಬ್ಯಾಂಕಿನ ಪಾಲಿಗೆ ನಿಮ್ಮ ಅರ್ಧ, ಅವರ ಅರ್ಧ ಎಂಬುದಿಲ್ಲ. ಇಡೀ ಸಾಲಕ್ಕೆ ಇಬ್ಬರೂ ಹೊಣೆ. ಅಲ್ಲದೆ, ರಾಜಿ ಪತ್ರದ ಷರತ್ತನ್ನು ಮುರಿದವರು ನೀವೇ ಎಂದಾಗುತ್ತದೆ.

‘ಇರುವವರೇ ಖರ್ಚು ಮಾಡಲಿ’ ಎಂಬ ಅವರ ಮಾತು ಅರ್ಧ ಸರಿ. ನಲ್ಲಿ, ಸ್ವಿಚ್ಚು, ನೀರಿನ ಮೋಟಾರು, ಬಣ್ಣ ಇವೆಲ್ಲ ವಾಸಿಸುವವರ ಬಳಕೆಯಿಂದ ಸವೆಯುವಂಥವು. ಅಡುಗೆಮನೆಯ ಕಪಾಟಂತೂ ನಿಮ್ಮ ಅನುಕೂಲಕ್ಕೆ ಮಾಡಿಸುವಂಥದ್ದು, ಅದರಲ್ಲಿ ಅವರ ಪಾಲು ಕೇಳುವುದು ನನಗೆ ನ್ಯಾಯವೆನಿಸುವುದಿಲ್ಲ. ಆದರೆ ತಾರಸಿಯ ವಿಷಯ ಬೇರೆ. ನೀರು ಒಳಗಿಳಿದು ಕಂಬಿಗೆ ತುಕ್ಕು ಹಿಡಿದು ಉಬ್ಬಿದಾಗ ಗಾರೆ ಹೀಗೆ ಉದುರುವುದುಂಟು; ಹಾಗೇ ಬಿಟ್ಟರೆ ಮುಂದೆ ಮಾರುವಾಗ ಬೆಲೆ ಇಳಿಯುವುದು ಇಬ್ಬರಿಗೂ. ಸೋರಿಕೆಯಿಂದ ಹಾಳಾದ ಆ ಒಂದು ಕೋಣೆಯ ಗಾರೆ, ಬಣ್ಣದ ಖರ್ಚನ್ನೂ ತಾರಸಿಯ ಜೊತೆಗೇ ಸೇರಿಸಬಹುದು. ಹೀಗಾಗಿ ಮೇಸ್ತ್ರಿಯಿಂದ ಎರಡು ಪ್ರತ್ಯೇಕ ಅಂದಾಜು ಬರೆಸಿಕೊಳ್ಳಿ. ಎಲ್ಲವನ್ನೂ ಒಂದೇ ಚೀಟಿಯಲ್ಲಿ ಸೇರಿಸಿ ಅರ್ಧ ಕೇಳಿದ್ದರಿಂದಲೇ ಅವರು ಇಡೀ ಮೊತ್ತವನ್ನು ತಳ್ಳಿಹಾಕಿರಬಹುದು.

ಇನ್ನು ಕಾನೂನು. ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ಒಬ್ಬರು ನ್ಯಾಯಬದ್ಧವಾಗಿ ಮಾಡಿದ ಕೆಲಸದ ಪ್ರಯೋಜನವನ್ನು ಇನ್ನೊಬ್ಬರು ಪಡೆದರೆ, ಪಡೆದವರು ಪರಿಹಾರ ಕೊಡಬೇಕೆಂದು 1872ರ ಭಾರತೀಯ ಕರಾರು ಕಾಯ್ದೆಯ 70ನೇ ಕಲಂ ಹೇಳುತ್ತದೆ. ಆದರೆ ಬೇಡವೆನ್ನಲು ಎದುರಿನವರಿಗೆ ಅವಕಾಶವಿದ್ದಿರಬೇಕು ಎಂಬುದನ್ನು ಸುಪ್ರೀಂ ಕೋರ್ಟ್ 1961ರಷ್ಟು ಹಿಂದೆಯೇ ಸ್ಪಷ್ಟಪಡಿಸಿದೆ. ಕೆಲಸ ಮುಗಿಸಿ ಬಿಲ್ಲು ಕಳಿಸುವವರು ಎಡವುವುದು ಇಲ್ಲಿಯೇ. ಆದ್ದರಿಂದ ಕೆಲಸ ಶುರುವಾಗುವ ಮೊದಲೇ ತಾರಸಿಯ ಫೋಟೋ, ಎರಡು ಮೂರು ಕಡೆಯ ಅಂದಾಜು ಪಟ್ಟಿ ಲಗತ್ತಿಸಿ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಬರೆಯಿರಿ; ಹದಿನೈದು ದಿನಗಳೊಳಗೆ ಅಭಿಪ್ರಾಯ ತಿಳಿಸಿ, ಬೇಕಿದ್ದರೆ ನಿಮ್ಮ ಕಡೆಯ ಮೇಸ್ತ್ರಿಯನ್ನೇ ಕರೆತಂದು ತೋರಿಸಿ ಎಂದು ಕೇಳಿ. ಅವರು ಖಡಾಖಂಡಿತವಾಗಿ ಬೇಡವೆಂದು ಬರೆದರೆ ಈ ಕಲಮಿನ ಬಲ ಕುಗ್ಗುತ್ತದೆ, ನಿಜ. ಆದರೂ ಮುಂದೆ ಪಾಲಿನ ಲೆಕ್ಕ ನ್ಯಾಯಾಲಯದ ಮುಂದೆ ಬಂದಾಗ, ಮನೆಯನ್ನು ಉಳಿಸಲು ನೀವು ಮಾಡಿದ ಅಗತ್ಯ ಖರ್ಚನ್ನು ಗಣನೆಗೆ ತೆಗೆದುಕೊಳ್ಳಿ ಎಂದು ವಾದಿಸಲು ಆ ಪತ್ರ, ಬಿಲ್ಲುಗಳು ಬೇಕಾಗುತ್ತವೆ. ಹಣವನ್ನು ನಗದಾಗಿ ಕೊಡದೆ ಬ್ಯಾಂಕಿನ ಮೂಲಕವೇ ಕೊಡಿ.

ಈಗ ಕೈಯಲ್ಲಿ ಹಣವಿಲ್ಲ ಎಂದು ಅವರು ಹೇಳಿದರೆ ಜಗಳಕ್ಕೆ ಹೋಗಬೇಡಿ. ನೀವು ಪೂರ್ತಿ ಖರ್ಚು ಮಾಡಿ, ಮನೆ ಮಾರಿದ ದಿನ ಅವರ ಪಾಲಿನಿಂದ ಅರ್ಧವನ್ನು ಮುರಿದುಕೊಳ್ಳುವುದೆಂದು ಇಬ್ಬರೂ ಸಹಿ ಮಾಡಿದ ಒಪ್ಪಂದ ಮಾಡಿಕೊಳ್ಳಬಹುದು. ನಿಮ್ಮ ಪ್ರಕರಣಕ್ಕೆ ಇದೇ ಅತ್ಯುತ್ತಮ ದಾರಿ ಎಂದು ನನ್ನ ಅನಿಸಿಕೆ, ಏಕೆಂದರೆ ಒಂದೂವರೆ ಎರಡು ಲಕ್ಷದ ಅರ್ಧಕ್ಕಾಗಿ ದಾವೆ ಹೂಡಿದರೆ ವಕೀಲರ ಶುಲ್ಕವೇ ಅದರ ಬಹುಪಾಲನ್ನು ನುಂಗೀತು. ಇಂಥ ಬರಹವಿಲ್ಲದಿದ್ದರೆ ಹಣ ವಸೂಲಿಗೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿ ಇದೆ ಎಂಬುದು ನೆನಪಿರಲಿ. ದಾವೆ ಅನಿವಾರ್ಯವಾದರೆ ಕೌಟುಂಬಿಕ ನ್ಯಾಯಾಲಯಕ್ಕೇ ಹೋಗಬೇಕು; ವಿಚ್ಛೇದನವಾದ ಮೇಲೂ ಆಸ್ತಿಯ ವ್ಯಾಜ್ಯ ಅದರ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 2003ರಲ್ಲಿ ಹೇಳಿದೆ.

ಕಂದಾಯ ಮಾಲೀಕರಿಬ್ಬರ ಹೊಣೆಯಾದ್ದರಿಂದ, ಎರಡು ವರ್ಷಗಳ ರಸೀದಿಗಳ ಪ್ರತಿಯನ್ನು ಅದೇ ಪತ್ರದ ಜೊತೆಗಿಟ್ಟು ಅರ್ಧ ಮೊತ್ತವನ್ನು ಕೇಳಿ.