ಚಾನ್ಸ್ ಎಷ್ಟಿದೆ ಸರ್?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಕೊಡಗಿನವು. ಕಾಫಿ ಕುಯ್ಲು ಮುಗಿಯುತ್ತಾ ಬಂತು, ಕಣದಲ್ಲಿ ಒಣಗಿದ್ದೆಲ್ಲ ಮೂಟೆಗೆ ಬಿತ್ತು, ಈಗ ಅಪ್ಪ ಅಮ್ಮಂದಿರಿಗೆ ಮಕ್ಕಳ ಕಾಲೇಜಿನ ನೆನಪಾಗಿದೆ. ಬೇರೆ ಬೇರೆ ಕೈಬರಹ, ಕೇಳಿರುವುದು ಮಾತ್ರ ಒಂದೇ. ಜಾಗ ಇದ್ದಷ್ಟಕ್ಕೆ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮದು ನಾಪೋಕ್ಲು ಹತ್ತಿರ 6 ಎಕರೆ ತೋಟ. ಮಗಳು ಸೆಕೆಂಡ್ ಪಿಯುಸಿ, ಪಿಸಿಎಂಬಿ. ಎಸ್ಸೆಸ್ಸೆಲ್ಸಿಯಲ್ಲಿ 96 ಪರ್ಸೆಂಟ್, ಫಸ್ಟ್ ಪಿಯುಸಿಯಲ್ಲಿ 89. ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಬೇಕು ಅಂತಾಳೆ, ಇಲ್ಲದಿದ್ದರೆ ಐಐಎಸ್ಸಿ ಅಂತಾಳೆ. ಚಾನ್ಸ್ ಎಷ್ಟು ಪರ್ಸೆಂಟ್ ಇದೆ? ನೇರವಾಗಿ ಹೇಳಿ ಸರ್, ಬೇಜಾರು ಮಾಡಿಕೊಳ್ಳಲ್ಲ.
ಒಬ್ಬ ತಂದೆ, ನಾಪೋಕ್ಲು

ಉತ್ತರ: ನೇರವಾಗಿಯೇ ಹೇಳುತ್ತೇನೆ. ನೀವು ಬರೆದ ಎರಡು ಅಂಕ ಇಟ್ಟುಕೊಂಡು ಏನೂ ಹೇಳಲು ಬರುವುದಿಲ್ಲ. ಎಸ್ಸೆಸ್ಸೆಲ್ಸಿಯ 96ನ್ನು ಸಿಇಟಿಯವರು ಕೇಳುವುದಿಲ್ಲ. ಫಸ್ಟ್ ಪಿಯುಸಿಯ 89ನ್ನೂ ಕೇಳುವುದಿಲ್ಲ. ಬೇಕಾಗಿದ್ದ ನಂಬರನ್ನೇ ನೀವು ಬರೆದಿಲ್ಲ. ಗಡಿಯಾರ ಎದುರಿಗಿಟ್ಟುಕೊಂಡು ಹಳೆಯ ಸಿಇಟಿ ಪೇಪರ್ ಬರೆದರೆ ಅವಳಿಗೆ 180ಕ್ಕೆ ಎಷ್ಟು ಬರುತ್ತದೆ?

ಲೆಕ್ಕ ಹೀಗಿದೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಸೆಕೆಂಡ್ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕ ಅರ್ಧ, ಸಿಇಟಿಯ ಅದೇ ಮೂರು ಸಬ್ಜೆಕ್ಟಿನ ಅಂಕ ಅರ್ಧ. ಪಿಯುಸಿಯಲ್ಲಿ 300, ಸಿಇಟಿಯಲ್ಲಿ 180. ಬಯಾಲಜಿ ಇದಕ್ಕೆ ಬರುವುದಿಲ್ಲ, ಭಾಷೆಗಳೂ ಬರುವುದಿಲ್ಲ. ಕನ್ನಡದಲ್ಲಿ 98 ತೆಗೆದರೆ ಹಬ್ಬ ಮಾಡಿ, ಆದರೆ ರ‍್ಯಾಂಕಿಗೆ ಅದು ಸೇರಲ್ಲ.

ಮಗಳು ಪಿಯುಸಿಯಲ್ಲಿ 300ಕ್ಕೆ 270 ತೆಗೆದಳು ಅಂತ ಇಟ್ಟುಕೊಳ್ಳಿ. ಅಲ್ಲಿಗೆ 45 ಬಂತು. ಸಿಇಟಿಯಲ್ಲಿ 180ಕ್ಕೆ 110 ಬಂದರೆ 30.56. ಒಟ್ಟು 75.56. ಅದೇ ಹುಡುಗಿ ಸಿಇಟಿಯಲ್ಲಿ 150 ತೆಗೆದರೆ 86.67. ಈ ಎರಡರ ನಡುವೆ ಸಾವಿರಾರು ಮಕ್ಕಳು ನಿಂತಿರುತ್ತಾರೆ. ಇನ್ನೊಂದು ವಿಷಯ, ಇದನ್ನು ನಾನು ಬೋರ್ಡಿನ ಮೇಲೆ ಬರೆದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು: ಸಿಇಟಿಯ 3 ಅಂಕ ಅಂದರೆ ಪಿಯುಸಿಯ 5 ಅಂಕ. 50ನ್ನು 180ರಿಂದ ಒಮ್ಮೆ, 300ರಿಂದ ಒಮ್ಮೆ ಭಾಗಿಸಿ ನೋಡಿ, ಗೊತ್ತಾಗುತ್ತದೆ. ಹಾಗಿದ್ದರೂ ಜನವರಿಯಿಂದ ಮಾರ್ಚ್‌ವರೆಗೆ ನಮ್ಮ ಮಕ್ಕಳು ಬರೀ ಬೋರ್ಡ್ ಪರೀಕ್ಷೆಗೆ ಓದುತ್ತಾರೆ, ಸಿಇಟಿಗೆ ಕೊನೆಯ ಮೂರು ವಾರ ಉಳಿಯುತ್ತದೆ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ ಅನ್ನುವುದನ್ನಾದರೂ ಅವಳಿಗೆ ನೆನಪಿಸಿ. ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ಈಗ ಆರ್.ವಿ. ಕಂಪ್ಯೂಟರ್ ಸೈನ್ಸ್. ಎರಡು ಲಕ್ಷಕ್ಕೂ ಜಾಸ್ತಿ ಮಕ್ಕಳು ಬರೆಯುವ ಪರೀಕ್ಷೆಯಲ್ಲಿ ಆ ಸೀಟು ಜನರಲ್ ಮೆರಿಟ್‌ನಲ್ಲಿ ಮೊದಲ ಕೆಲವು ನೂರು ರ‍್ಯಾಂಕಿನೊಳಗೇ ಮುಗಿಯುತ್ತದೆ. 75ರ ಲೆಕ್ಕದಲ್ಲಿ ಅದು ಸಿಗುವುದಿಲ್ಲ. 86ರಲ್ಲೂ ಖಾತ್ರಿ ಇಲ್ಲ. ಅದೇ ಕಾಲೇಜಿನ ಸಿವಿಲ್, ಮೆಕ್ಯಾನಿಕಲ್, ಕೆಮಿಕಲ್ ತುಂಬಾ ಕೆಳಗಿನ ರ‍್ಯಾಂಕಿನವರೆಗೂ ಹೋಗುತ್ತವೆ. ಅವಳಿಗೆ ಬೇಕಿರುವುದು ಕಾಲೇಜಾ, ಕಂಪ್ಯೂಟರ್ ಸೈನ್ಸಾ? ಇದನ್ನು ರಿಸಲ್ಟ್ ಬಂದ ಮೇಲೆ ಗಾಬರಿಯಲ್ಲಿ ಕೇಳುವ ಬದಲು ಈಗಲೇ ಊಟಕ್ಕೆ ಕೂತಾಗ ಕೇಳಿ.

ಕಟಾಫ್ ಪಟ್ಟಿ ಸಿಇಟಿ ನಡೆಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ವೆಬ್‌ಸೈಟಿನಲ್ಲೇ ಇರುತ್ತದೆ, ಸುತ್ತಿನ ಲೆಕ್ಕದಲ್ಲಿ. ನೋಡುವಾಗ ಜಿಎಂ, ಅಂದರೆ ಜನರಲ್ ಮೆರಿಟ್ ಕಾಲಂ ಒಂದನ್ನೇ ನೋಡಿ ಎದೆ ಒಡೆದುಕೊಳ್ಳಬೇಡಿ. ನೀವು ಹಿಂದುಳಿದ ವರ್ಗದ 3ಎ ಪಟ್ಟಿಯವರಾಗಿದ್ದರೆ 3ಎಜಿ, 3ಎಆರ್, 3ಎಕೆ ಅಂತ ಮೂರು ಕಾಲಂ ಇರುತ್ತವೆ. ಕೊನೆಯ ಅಕ್ಷರ ಆರ್ ಅಂದರೆ ಗ್ರಾಮೀಣ, ಕೆ ಅಂದರೆ ಕನ್ನಡ ಮಾಧ್ಯಮ. ಮೊದಲ ಸುತ್ತಿನ ಜೊತೆ ಕೊನೆಯ ಸುತ್ತನ್ನೂ, ಒಂದು ವರ್ಷದ ಬದಲು ಮೂರು ವರ್ಷದ್ದನ್ನೂ ನೋಡಿ. ಹಳೆಯ ಪ್ರಶ್ನೆಪತ್ರಿಕೆ, ಕೀ ಆನ್ಸರ್ ಕೂಡ ಅದೇ ವೆಬ್‌ಸೈಟಿನಲ್ಲಿ ಸಿಗುತ್ತವೆ. ಭಾನುವಾರ ಬೆಳಗ್ಗೆ 10.30ಕ್ಕೆ ಒಂದು ಪೇಪರ್, ಮಧ್ಯಾಹ್ನ 2.30ಕ್ಕೆ ಇನ್ನೊಂದು, ಒಂದೊಂದಕ್ಕೆ 80 ನಿಮಿಷ. ಮೊಬೈಲ್ ನಿಮ್ಮ ಜೇಬಿನಲ್ಲಿರಲಿ. ಹೀಗೆ ಮೂರು ವರ್ಷದ ಪೇಪರ್ ಬರೆಸಿ. ಬಂದ ಮೂರು ಮೊತ್ತಗಳಲ್ಲಿ ನಡುವಿನದನ್ನು ಹಿಡಿಯಿರಿ. ದೊಡ್ಡದನ್ನು ಹಿಡಿಯುವುದು ಎಲ್ಲ ಮನೆಯಲ್ಲೂ ಇರುವ ಚಾಳಿ, ನಮ್ಮ ಮನೆಯಲ್ಲೂ ಇತ್ತು. ನನ್ನ ಮಗನಿಗೆ ಮನೆಯಲ್ಲಿ ಒಮ್ಮೆ 141 ಬಂದಿತ್ತು. ಆ ಒಂದು ನಂಬರನ್ನು ನಾನು ಇಡೀ ಬೀದಿಗೆ ಹೇಳಿಕೊಂಡು ಬಂದೆ. ಸಿಇಟಿಯಲ್ಲಿ ಬಂದಿದ್ದು 118.

ಆಪ್ಷನ್ ತುಂಬುವಾಗ ಆರ್.ವಿ. ಕಂಪ್ಯೂಟರ್ ಸೈನ್ಸನ್ನೇ ಮೊದಲನೆಯದಾಗಿ ಹಾಕಲಿ, ಚಾನ್ಸ್ ಇಲ್ಲದಿದ್ದರೂ ಹಾಕಲಿ. ಮೇಲೆ ಹಾಕಿದ್ದು ಸಿಗದಿದ್ದರೆ ಕೆಳಗಿನದಕ್ಕೆ ನಷ್ಟವಿಲ್ಲ. ಮನಸ್ಸಿನ ಕ್ರಮದಲ್ಲಿ ತುಂಬಬೇಕು, ಆದರೆ ಪಟ್ಟಿ ಉದ್ದ ಇರಬೇಕು. ನನ್ನ ಹತ್ತಿರ ಓದಿದ ಒಬ್ಬ ಹುಡುಗ ಬೆಂಗಳೂರಿನ ಆರೇ ಆರು ಹೆಸರು ಹಾಕಿ, ಮೊದಲ ಸುತ್ತಿನಲ್ಲಿ ಒಂದೂ ಸಿಗದೆ, ಎರಡು ದಿನ ಕೋಣೆಯಿಂದ ಹೊರಗೆ ಬಂದಿರಲಿಲ್ಲ. ರ‍್ಯಾಂಕ್ ಅಷ್ಟೇನೂ ಕೆಟ್ಟದಿರಲಿಲ್ಲ. ಮೈಸೂರಿನ ನಾಲ್ಕು ಕಾಲೇಜು ಸೇರಿಸಿದ್ದರೆ ಅವತ್ತೇ ಸೀಟಾಗುತ್ತಿತ್ತು.

ಐಐಎಸ್ಸಿಯನ್ನು "ಇಲ್ಲದಿದ್ದರೆ" ಅಂತ ಬರೆದಿದ್ದೀರಿ, ಓದಿ ನಗು ಬಂತು, ಬೇಸರ ಬೇಡ. ಸಿಇಟಿಯಲ್ಲಿ ಮೊದಲ ರ‍್ಯಾಂಕ್ ಬಂದರೂ ಅಲ್ಲಿ ಸೀಟು ಕೊಡುವುದಿಲ್ಲ. ಅಲ್ಲಿನ ನಾಲ್ಕು ವರ್ಷದ ಸೈನ್ಸ್ ಡಿಗ್ರಿಗೆ ಜೆಇಇ ಅಡ್ವಾನ್ಸ್ಡ್ ಇಲ್ಲವೇ ಐಸರ್‌ಗಳು (ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ ಸಂಸ್ಥೆಗಳು) ನಡೆಸುವ ಐಎಟಿ ಪರೀಕ್ಷೆ ಬರೆದಿರಬೇಕು. ಅರ್ಜಿ ಬೇರೆ, ತಯಾರಿ ಬೇರೆ. ಐಎಟಿಯಲ್ಲಿ ಬಯಾಲಜಿಯೂ ಇರುತ್ತದೆ, ಪಿಸಿಎಂಬಿಯವಳಿಗೆ ಅದು ಅನುಕೂಲವೇ. ಐಸರ್‌ಗಳು ದೇಶದಲ್ಲಿ ಏಳಿವೆ, ಅವನ್ನೂ ನೋಡಿ.

ಕೊಡಗಿನವರಿಗೆ ಮಾತ್ರ ಅಂತ ಇದೊಂದು. ಸುರತ್ಕಲ್‌ನ ಎನ್‌ಐಟಿಯಲ್ಲಿ ಅರ್ಧ ಸೀಟು ನಮ್ಮ ರಾಜ್ಯದ ಮಕ್ಕಳಿಗೆ, ಅದು ಜೆಇಇ ಮೇನ್ ರ‍್ಯಾಂಕಿನ ಮೇಲೆ. ಆದರೆ ಯಾವ ರಾಜ್ಯದವರು ಅನ್ನುವುದನ್ನು 12ನೇ ತರಗತಿ ಎಲ್ಲಿ ಪಾಸಾದಿರಿ ಅನ್ನುವುದರಿಂದ ತೀರ್ಮಾನಿಸುತ್ತಾರೆ. ವಿರಾಜಪೇಟೆ ಕಡೆಯಿಂದ ಕೋಚಿಂಗ್‌ಗೆ ಅಂತ ಕಣ್ಣೂರಿಗೆ ಹೋಗಿ ಅಲ್ಲೇ ಪ್ಲಸ್ ಟು ಮುಗಿಸಿದ ಮಕ್ಕಳು ಆ ಲೆಕ್ಕದಲ್ಲಿ ಕೇರಳದವರು. ನಿಮ್ಮ ಎರಡನೆಯ ಮಗುವನ್ನು ಕಳಿಸುವ ಮುಂಚೆ ಯೋಚಿಸಿ.

ಪ್ರಶ್ನೆ: ಒಂದು ಆ್ಯಪ್‌ನಲ್ಲಿ ಅಂಕ ಹಾಕಿದೆ, 85 ಪರ್ಸೆಂಟ್ ಚಾನ್ಸ್ ಅಂತ ಬಂತು. ನಂಬಬಹುದಾ?
ವಿದ್ಯಾರ್ಥಿನಿ, ಸುಂಟಿಕೊಪ್ಪ

ಉತ್ತರ: ನೀನು ಹಾಕಿದ್ದು ಬಂದ ಅಂಕನಾ, ಬರಬಹುದು ಅಂದುಕೊಂಡ ಅಂಕನಾ? ಎರಡನೆಯದಾದರೆ ಆ 85 ನಿನ್ನದೇ ಆಸೆ, ಆ್ಯಪ್ ಅದನ್ನು ವಾಪಸ್ ಕೊಟ್ಟಿದೆ ಅಷ್ಟೆ. 10 ಅಂಕ ಕಡಿಮೆ ಮಾಡಿ ಇನ್ನೊಂದು ಸಲ ಹಾಕಿ ನೋಡು.

ಪ್ರಶ್ನೆ: ಸರ್, ನಾನು ಸೋಮವಾರಪೇಟೆ ತಾಲ್ಲೂಕಿನ ಹಳ್ಳಿಯವನು. 7ನೇ ಕ್ಲಾಸಿನವರೆಗೆ ಊರಿನ ಸರ್ಕಾರಿ ಶಾಲೆ, 8ರಿಂದ 10 ಕುಶಾಲನಗರದಲ್ಲಿ ಹಾಸ್ಟೆಲ್‌ನಲ್ಲಿದ್ದು ಓದಿದೆ. ಎಲ್ಲ ಕನ್ನಡ ಮೀಡಿಯಂ. ಪೊನ್ನಂಪೇಟೆ ಫಾರೆಸ್ಟ್ರಿ ಕಾಲೇಜಿಗೆ ಸೇರಬೇಕು. ರೂರಲ್ ಕೋಟಾ ಇದೆ, ಸೀಟು ಗ್ಯಾರಂಟಿ ಅಂತ ಎಲ್ಲರೂ ಹೇಳುತ್ತಾರೆ. ಹೌದಾ?
ವಿದ್ಯಾರ್ಥಿ, ಶನಿವಾರಸಂತೆ

ಉತ್ತರ: ಎಲ್ಲರೂ ಹೇಳುವುದು ತಪ್ಪು ತಮ್ಮಾ. ಗ್ರಾಮೀಣ ಮೀಸಲಾತಿಗೆ 1ರಿಂದ 10ರವರೆಗೆ ಹತ್ತೂ ವರ್ಷ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಕುಶಾಲನಗರ ಪಟ್ಟಣದ ಲೆಕ್ಕ. ಅಲ್ಲಿ ಕಳೆದ ಮೂರು ವರ್ಷ ಆ 15 ಪರ್ಸೆಂಟ್ ಕೋಟಾವನ್ನು ನಿನ್ನ ಕೈಯಿಂದ ತೆಗೆದುಬಿಟ್ಟಿತು. ಹೈಸ್ಕೂಲಿಗೆ ಪೇಟೆಗೆ ಸೇರಿಸುವಾಗ ಇದನ್ನು ಯಾರೂ ಹೇಳುವುದಿಲ್ಲ, ಹಾಗಾಗಿ ಮನೆಯವರ ಮೇಲೆ ಕೋಪ ಮಾಡಿಕೊಳ್ಳಬೇಡ.

ಆದರೆ ಕನ್ನಡ ಮಾಧ್ಯಮದ 5 ಪರ್ಸೆಂಟ್ ನಿನ್ನದೇ. ಅದಕ್ಕೆ ಶಾಲೆ ಊರಲ್ಲಿತ್ತಾ ಪೇಟೆಯಲ್ಲಿತ್ತಾ ಅಂತ ಕೇಳುವುದಿಲ್ಲ, 1ರಿಂದ 10ರವರೆಗೆ ಕನ್ನಡದಲ್ಲಿ ಓದಿದ್ದರೆ ಸಾಕು. ಎರಡೂ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಬಿಇಒ ಸಹಿಯೂ ಬೇಕು. ಜೂನ್ ತಿಂಗಳ ಮಳೆಯಲ್ಲಿ ಮಳೆರಜೆ ನಡುವೆ ಹೆಡ್‌ಮಾಸ್ಟರನ್ನು ಹುಡುಕುವ ಪಾಡು ನನಗೆ ಗೊತ್ತು. ಈ ತಿಂಗಳೇ ಹೋಗಿ ತೆಗೆದುಕೊಂಡು ಬಾ.

ಇನ್ನೂ ಒಂದಿದೆ. ಅಪ್ಪನ ಹೆಸರಲ್ಲಿ ಜಮೀನಿದ್ದು ಕೃಷಿಯೇ ಕಸುಬಾದರೆ ಕೃಷಿ, ಅರಣ್ಯಶಾಸ್ತ್ರದಂಥ ಕೋರ್ಸುಗಳಲ್ಲಿ ರೈತರ ಮಕ್ಕಳಿಗೆ ಬೇರೆ ಕೋಟಾ ಇದೆ. ಅದಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ನಡೆಸುತ್ತಾರೆ. ಯಾವ ಬೀಜ, ಯಾವ ಕಳೆ, ಯಾವ ಗೊಬ್ಬರ, ಯಾವ ಸಲಕರಣೆ ಅಂತ ಗುರುತಿಸಬೇಕು. ಪೇಟೆಯ ಹುಡುಗರು ಇದನ್ನು ಪುಸ್ತಕದಲ್ಲಿ ಉರುಹೊಡೆಯುತ್ತಾರೆ. ನಿನಗೆ ಕಾಳುಮೆಣಸು, ಏಲಕ್ಕಿ, ಶುಂಠಿ ಗೊತ್ತು, ಆದರೆ ರಾಗಿ, ಜೋಳ, ಹತ್ತಿ, ತೊಗರಿ ಬಯಲುಸೀಮೆಯ ಹುಡುಗನಷ್ಟು ಗೊತ್ತಿರಲ್ಲ. ಅವನ್ನು ನೋಡಿಕೋ. ಅಪ್ಲಿಕೇಶನ್‌ನಲ್ಲಿ ಈ ಕೋಟಾ ಕೇಳಿರುವ ಕಾಲಂ ಖಾಲಿ ಬಿಟ್ಟರೆ ಆಮೇಲೆ ಅತ್ತರೂ ಬರಲ್ಲ.

ಪೊನ್ನಂಪೇಟೆ ಒಂದನ್ನೇ ಹಿಡಿದುಕೊಳ್ಳಬೇಡ. ಶಿರಸಿಯಲ್ಲೂ ಅರಣ್ಯ ಮಹಾವಿದ್ಯಾಲಯ ಇದೆ, ಅದನ್ನೂ ಹಾಕು. ಮಳೆಯೇನೂ ಅಲ್ಲಿ ಕಡಿಮೆ ಇಲ್ಲ, ಮನೆ ನೆನಪಾಗುವುದಿಲ್ಲ.

ಪ್ರಶ್ನೆ: ನಮ್ಮ ಮನೆತನದಲ್ಲಿ ಮೂರು ತಲೆಮಾರು ಸೈನ್ಯ. ಮಗನಿಗೆ ಎನ್‌ಡಿಎ ಆಸೆ. ಕೊಡಗಿನವರಿಗೆ, ಸೈನಿಕರ ಮಕ್ಕಳಿಗೆ ಏನಾದರೂ ಆದ್ಯತೆ ಇದೆಯಾ?
ನಿವೃತ್ತ ಹವಾಲ್ದಾರ್, ಮೂರ್ನಾಡು

ಉತ್ತರ: ಇಲ್ಲ ಸರ್. ಕಾರ್ಯಪ್ಪ, ತಿಮ್ಮಯ್ಯನವರ ಊರು ಅಂತ ಗೌರವ ಸಿಗುತ್ತದೆ, ಅಂಕ ಸಿಗುವುದಿಲ್ಲ. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಸುತ್ತದೆ, ಪ್ರತಿ ಸಲ ಸುಮಾರು 400 ಸೀಟು, ಬರೆಯುವವರು ಲಕ್ಷಗಟ್ಟಲೆ. ಕೇಳಿದರೆ ಭಯವಾಗುತ್ತದೆ. ಆದರೆ ಕಟಾಫ್ ನೋಡಿ: ಲಿಖಿತ ಪರೀಕ್ಷೆಯಲ್ಲಿ 900ಕ್ಕೆ ಈಚಿನ ವರ್ಷಗಳಲ್ಲಿ 300ರ ಆಚೀಚೆ ಬಂದವರನ್ನು ಮುಂದಿನ ಹಂತಕ್ಕೆ ಕರೆದಿದ್ದಾರೆ. ಆ ಮುಂದಿನ ಹಂತವೇ ಎಸ್‌ಎಸ್‌ಬಿ, ಸೇನೆಯ ಸಂದರ್ಶನ; ಅದರ 900 ಸೇರಿಸಿ 1800ಕ್ಕೆ 700ರೊಳಗೆ ಬಂದವರೂ ಆಯ್ಕೆಯಾಗಿದ್ದಾರೆ. ಪೇಪರ್ ಅಷ್ಟು ಕಷ್ಟ, ತಪ್ಪು ಉತ್ತರಕ್ಕೆ ಮೂರನೇ ಒಂದು ಭಾಗ ಅಂಕವೂ ಹೋಗುತ್ತದೆ. ಗೊತ್ತಿಲ್ಲದ್ದನ್ನು ಬಿಡುವುದು ಕಲಿತವನು ಗೆಲ್ಲುತ್ತಾನೆ, ಸಿಇಟಿಗೆ ಪೂರ್ತಿ ಉಲ್ಟಾ.

ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವಯಸ್ಸಿನೊಳಗೆ ಮೂರ್ನಾಲ್ಕು ಸಲವಾದರೂ ಬರೆಯಬಹುದು, ಹಾಗಾಗಿ ಮೊದಲ ಸಲ ಹೋದರೆ ಆಕಾಶ ಬೀಳಲ್ಲ. ವಾಯುಪಡೆ, ನೌಕಾಪಡೆ ಬೇಕಾದರೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಇರಬೇಕು. ಎಸ್‌ಎಸ್‌ಬಿ ಐದು ದಿನ. ಅಲ್ಲಿ ಮೌನವಾಗಿ ಕೂತ ಒಳ್ಳೆಯ ಹುಡುಗರು ವಾಪಸ್ ಬರುತ್ತಾರೆ. ಮನೆಯಲ್ಲಿ ನೀವು ಮಾತಾಡುವಾಗ ಅವನು ನಡುವೆ ಬಾಯಿ ಹಾಕಿದರೆ ಸ್ವಲ್ಪ ದಿನ ಗದರಿಸಬೇಡಿ.

ಪ್ರಶ್ನೆ: ಮಗಳು ಸಿಬಿಎಸ್‌ಇ 11ನೇ ತರಗತಿ, ಅಮೆರಿಕದಲ್ಲಿ ಓದುವಾಸೆ. ಹಾಕಿಯಲ್ಲಿ ರಾಜ್ಯ ತಂಡಕ್ಕೆ ಆಡಿದ್ದಾಳೆ. ಅಲ್ಲಿನ ಕಾಲೇಜು ಪ್ರವೇಶಕ್ಕೆ ಬರೆಯುವ ಸ್ಯಾಟ್‌ನಲ್ಲಿ 1600ಕ್ಕೆ 1480 ಬಂದಿದೆ. ಹಾರ್ವರ್ಡ್, ಪ್ರಿನ್ಸ್‌ಟನ್ ಥರದ ಕಾಲೇಜಿಗೆ ಹಾಕಿಯಿಂದ ಸೀಟು ಸಿಗಬಹುದಾ? ಕೌಟುಂಬಿಕ ಹಾಕಿ ಟೂರ್ನಿಯಲ್ಲಿ ಆಡಿದ್ದೂ ಲೆಕ್ಕಕ್ಕೆ ಬರುತ್ತಾ?
ಒಬ್ಬ ತಾಯಿ, ಗೋಣಿಕೊಪ್ಪ

ಉತ್ತರ: ಈ ಪ್ರಶ್ನೆ ನಿಮ್ಮ ಮಗನ ಬಗ್ಗೆ ಆಗಿದ್ದರೆ ಹಾಕಿಯ ಮಟ್ಟಿಗೆ ಇಲ್ಲ ಅಂದುಬಿಡುತ್ತಿದ್ದೆ. ಅಮೆರಿಕದ ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎಯಲ್ಲಿ ಹಾಕಿ ಇರುವುದು ಹುಡುಗಿಯರಿಗೆ ಮಾತ್ರ. ನಮ್ಮ ಊರಿನ ಗಂಡಸರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ! ಹಾಗಾಗಿ ನಿಮ್ಮ ಮಗಳಿಗೆ ದಾರಿ ಇದೆ.

ಆದರೆ ಆಸೆಯನ್ನು ಅಳತೆಯಲ್ಲಿ ಇಟ್ಟುಕೊಳ್ಳಿ. ಹಾರ್ವರ್ಡ್ ಅರ್ಜಿ ಹಾಕಿದ 100 ಜನರಲ್ಲಿ 4ರ ಆಸುಪಾಸು ಮಾತ್ರ ತೆಗೆದುಕೊಳ್ಳುತ್ತದೆ. ಆ ಮಟ್ಟದ ಕಾಲೇಜುಗಳಲ್ಲಿ ಸೇರಿದವರ ಸ್ಯಾಟ್ ಹೆಚ್ಚಾಗಿ 1500ರಿಂದ 1580ರ ನಡುವೆ ಇರುತ್ತದೆ. 1480 ಕೆಟ್ಟ ಅಂಕ ಅಲ್ಲ, ಅಲ್ಲಿ ಮಾತ್ರ ಸ್ವಲ್ಪ ಕೆಳಗೆ. ಇನ್ನೊಂದು ಸಲ ಬರೆಯಲು ಸಮಯ ಇದೆ, ಬರೆಯಲಿ.

ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಸೇರಿದ ಐವಿ ಲೀಗ್‌ನಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಇಲ್ಲ. ಕೋಚ್‌ಗೆ ಬೇಕು ಅನ್ನಿಸಿದರೆ ಅಡ್ಮಿಷನ್ ಆಫೀಸಿಗೆ ಹೇಳುತ್ತಾರೆ, ಆ ಮಾತಿಗೆ ತೂಕ ಜಾಸ್ತಿ. ದುಡ್ಡಿನ ಸಹಾಯ ಮನೆಯ ಆದಾಯ ನೋಡಿ ಕೊಡುತ್ತಾರೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಇವು ವಿದೇಶಿ ಮಕ್ಕಳನ್ನೂ ಫೀಸು ಕಟ್ಟುವ ಶಕ್ತಿ ನೋಡದೆ ಆರಿಸಿ, ಆಮೇಲೆ ಕೊರತೆ ತುಂಬುತ್ತವೆ. ಉಳಿದ ಎಷ್ಟೋ ಕಾಲೇಜುಗಳಲ್ಲಿ ನೆರವು ಕೇಳಿದರೆ ಚಾನ್ಸ್ ಕಡಿಮೆಯಾಗುತ್ತದೆ. ಆಟಕ್ಕೇ ಸ್ಕಾಲರ್‌ಶಿಪ್ ಬೇಕಾದರೆ ಐವಿ ಬಿಟ್ಟು ಎನ್‌ಸಿಎಎಯ ಮೇಲಿನ ದರ್ಜೆಯಾದ ಡಿವಿಷನ್ ಒಂದರ ಬೇರೆ ಯೂನಿವರ್ಸಿಟಿ ನೋಡಿ, ಅದಕ್ಕೆ ಅವರದೇ ಎಲಿಜಿಬಿಲಿಟಿ ಸೆಂಟರ್‌ನಲ್ಲಿ ಹೆಸರು ನೋಂದಾಯಿಸಬೇಕು.

ಕೌಟುಂಬಿಕ ಹಾಕಿಯ ಮಾತು. 1997ರಲ್ಲಿ ಕೊಡಗಿನ ಕರಡದಲ್ಲಿ ಶುರುವಾದ, ಕೊಡವ ಮನೆತನಗಳೇ ತಂಡ ಕಟ್ಟಿ ಆಡುವ ಈ ಟೂರ್ನಿಗೆ ಅಮೆರಿಕದ ಕೋಚ್ ಹತ್ತಿರ ಅಂಕ ಇಲ್ಲ, ಅವರು ನೋಡುವುದು ರಾಜ್ಯ, ರಾಷ್ಟ್ರ ಮಟ್ಟದ ಆಟವನ್ನು. ಆದರೆ ಅರ್ಜಿಯ ಜೊತೆ ಒಂದು ಪ್ರಬಂಧ ಬರೆಯಬೇಕಲ್ಲ, ಅಲ್ಲಿ ಇದನ್ನು ಬರೆಯಲಿ. ಒಂದೇ ಮನೆತನದ ಹೆಸರಿನ ಜೆರ್ಸಿ ತೊಟ್ಟು ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುವುದನ್ನು ಓದಿ ಆ ಆಫೀಸಿನವರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ.

ಕೋಚ್‌ಗಳಿಗೆ ಈಗಲೇ ಇಮೇಲ್ ಕಳಿಸಲಿ, ಅವಳೇ ಬರೆಯಲಿ, ನೀವು ಬರೆಯಬೇಡಿ. ಜೊತೆಗೆ ಮೂರ್ನಾಲ್ಕು ನಿಮಿಷದ ಆಟದ ವಿಡಿಯೊ ಇರಲಿ, ಅವಳ ಜೆರ್ಸಿ ನಂಬರ್ ಕಾಣುವ ಹಾಗೆ. ಹಿಂದಿನಿಂದ ನೆಂಟರು ಹಾಕುವ ಶಿಳ್ಳೆಯ ಸದ್ದನ್ನು ಮಾತ್ರ ತೆಗೆಸಿ.