ಅತ್ತಿ ಹಣ್ಣಿನೊಳಗೆ ಹುಳು ಸೇರುವುದು ಹೇಗೆ?

ಅತ್ತಿಮರ ಹೂವೇ ಬಿಡಲ್ಲ, ಹಣ್ಣಿಗೆ ತೂತೂ ಇಲ್ಲ, ಮತ್ತೆ ಒಳಗೆ ಹುಳು ಎಲ್ಲಿಂದ ಬಂತು ಅಂತ ಕೇಳಿದ್ದೀರಿ. ಹೂವು ಬಿಡುತ್ತದೆ, ಆದರೆ ಕಾಯಿಯ ಒಳಗೆ! ಎಳೆ ಕಾಯಿ ಸೀಳಿ ನೋಡಿ, ಗೋಡೆಯ ತುಂಬ ಪುಟ್ಟ ಹೂಗಳೇ. ತುದಿಯಲ್ಲಿ ಒಂದು ಸಣ್ಣ ಬಾಯಿಯೂ ಇದೆ.

ಹೂ ಸಿದ್ಧವಾದಾಗ ಕಾಯಿ ವಾಸನೆ ಬಿಡುತ್ತದೆ. ಅದರ ಜಾಡು ಹಿಡಿದು ಬರುವುದು ಒಂದೆರಡು ಮಿಲಿಮೀಟರ್ ಉದ್ದದ ಹೆಣ್ಣು ಕಣಜ. ಆ ಇಕ್ಕಟ್ಟಿನಲ್ಲಿ ನುಗ್ಗುವಾಗ ಸಾಮಾನ್ಯವಾಗಿ ರೆಕ್ಕೆಗಳೇ ಕಿತ್ತುಹೋಗುತ್ತವೆ. ಮತ್ತೆ ಹೊರಗೆ ಬರುವ ಮಾತಿಲ್ಲ. ತಂದ ಪರಾಗವನ್ನು ಹೂಗಳಿಗೆ ತಗಲಿಸಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮೊಟ್ಟೆಯಿಟ್ಟ ಹೂವಿನಲ್ಲಿ ಮರಿ, ಉಳಿದವುಗಳಲ್ಲಿ ಬೀಜ. ಮರಕ್ಕೆ ನಷ್ಟವೇನಿಲ್ಲ, ಅಲ್ವಾ?

ಆ ಹೂಗಳಿಂದ ಮೊದಲು ಹೊರಬರುವ ಗಂಡು ಕಣಜಗಳಿಗೆ ರೆಕ್ಕೆಯೇ ಇಲ್ಲ, ಪಾಪ. ಹೆಣ್ಣುಗಳ ಜೊತೆ ಕೂಡಿ, ಗೋಡೆ ಕೊರೆದು ದಾರಿ ಮಾಡಿಕೊಟ್ಟು ಸಾಯುತ್ತವೆ. ಪರಾಗ ಹೊತ್ತ ಹೆಣ್ಣುಗಳು ಆ ದಾರಿಯಲ್ಲಿ ಹಾರುತ್ತವೆ. ಅವುಗಳ ಆಯಸ್ಸು ಒಂದೆರಡು ದಿನ, ಅಷ್ಟರಲ್ಲಿ ಇನ್ನೊಂದು ಅತ್ತಿಯೇ ಸಿಗಬೇಕು. ಆಲ, ಅರಳಿಗಳಿಗೆ ಬೇರೆ ಕಣಜಗಳಿವೆ.

ಅಂಜೂರದೊಳಗೂ ಹುಳು ಇರುತ್ತಾ, ತಿನ್ನಬಹುದಾ ಅಂತಲೂ ಕೇಳಿದ್ರಿ. ಸುಮ್ನೆ ತಿನ್ನಿ, ಬೆಳೆಸುವ ಎಷ್ಟೋ ತಳಿಗಳು ಕಣಜವಿಲ್ಲದೆಯೇ ಹಣ್ಣಾಗುತ್ತವೆ.