ಮಿನಿ ಟ್ರ್ಯಾಕ್ಟರಿಗೆ ಸಣ್ಣ ಟ್ರೈಲರ್ ಮನೇಲೇ ವೆಲ್ಡ್ ಮಾಡ್ಕೋಬಹುದಾ?

ನೀವು ಕೇಳಿರೋದು ಇಷ್ಟು: ಮೈಸೂರಿನ ಹತ್ತಿರ ಎರಡು ಎಕರೆ ತೋಟ, ಹಳೇ ಮಿನಿ ಟ್ರ್ಯಾಕ್ಟರ್, ಹೊಸದಾಗಿ ಕೊಂಡ ವೆಲ್ಡಿಂಗ್ ಮೆಷಿನ್. ಗೊಬ್ಬರ, ಮೇವು ಸಾಗಿಸೋಕೆ ಟ್ರೈಲರ್ ನಾವೇ ಮಾಡ್ಕೋಬಹುದಾ, ಎಷ್ಟು ಕಬ್ಬಿಣ ಬೇಕು, ವೆಲ್ಡಿಂಗ್ ಗಟ್ಟಿ ನಿಲ್ಲುತ್ತಾ?

ಮಾಡ್ಕೋಬಹುದು. ನಾನು ಪಾಂಡವಪುರದ ಕಡೆಯವನು, ಇದುವರೆಗೆ ಎರಡು ಕಟ್ಟಿದ್ದೀನಿ. ಮೊದಲನೆಯದನ್ನ ಅರ್ಧ ಬಿಚ್ಚಿ ಮತ್ತೆ ಕಟ್ಟಬೇಕಾಯ್ತು. ಎಲ್ಲರೂ ವೆಲ್ಡಿಂಗ್ ಬಗ್ಗೆ ತಲೆ ಕೆಡಿಸ್ಕೋತಾರೆ, ಅಚ್ಚು, ಅಂದ್ರೆ ಆಕ್ಸಲ್, ಎಲ್ಲಿ ಕೂರಬೇಕು ಅಂತ ಯಾರೂ ಕೇಳಲ್ಲ. ನಾನೂ ಕೇಳಿರಲಿಲ್ಲ. ಮಾಲು ಹೇರೋ ಎಂಟು ಅಡಿ ಉದ್ದದ ತೊಟ್ಟಿಗೆ ಸರಿಯಾಗಿ ನಾಲ್ಕು ಅಡಿಗೆ ಆಕ್ಸಲ್ ಇಟ್ಟು ವೆಲ್ಡ್ ಮಾಡಿಬಿಟ್ಟೆ. ನೋಡೋಕೆ ಬಲು ಚೆನ್ನಾಗಿತ್ತು.

ಮೊದಲ ದಿನವೇ ಕಬ್ಬು ಹೇರಿದ್ವಿ. ಕಬ್ಬಿನ ಜಲ್ಲೆ ತೊಟ್ಟಿಗಿಂತ ಉದ್ದ, ಹಿಂದಕ್ಕೆ ಎರಡಡಿ ಚಾಚಿಕೊಂಡಿತ್ತು. ನಾಲೆ ಏರಿ ಹತ್ತುವಾಗ ಟ್ರ್ಯಾಕ್ಟರಿನ ಹಿಂದಿನ ಚಕ್ರ ಗರಗರ ಸುತ್ತುತ್ತೆ, ಮುಂದಕ್ಕೆ ಹೋಗಲ್ಲ. ಟ್ರೈಲರು ಹಿಂದಕ್ಕೆ ವಾಲಿ ಟ್ರ್ಯಾಕ್ಟರಿನ ಹುಕ್ಕನ್ನೇ ಮೇಲಕ್ಕೆ ಎತ್ತುತ್ತಾ ಇತ್ತು, ಚಕ್ರಕ್ಕೆ ಹಿಡಿತವೇ ಇಲ್ಲ. ಹೇಗೋ ಒದ್ದಾಡಿ ಮನೆ ಸೇರಿಸಿ ಪಿನ್ ಎಳೆದೆ ನೋಡಿ, ಮೂಕಿ, ಅಂದ್ರೆ ಟ್ರೈಲರನ್ನ ಹುಕ್ಕಿಗೆ ಸಿಕ್ಕಿಸೋ ಮುಂದಿನ ಕಂಬ, ಧಡಕ್ ಅಂತ ಎದೆಮಟ್ಟಕ್ಕೆ ಎದ್ದು ನಿಂತಿತು. ನನ್ನ ಗದ್ದಕ್ಕೂ ಅದಕ್ಕೂ ನಾಲ್ಕು ಬೆರಳು ಅಂತರ.

ಜಗಲಿ ಮೇಲೆ ಕೂತಿದ್ದ ನಮ್ಮಪ್ಪ ಎದ್ದೂ ಬರಲಿಲ್ಲ. "ಎತ್ತು ಕಟ್ಟಿದ್ರೆ ಇಷ್ಟೊತ್ಗೆ ಕುತ್ಗೆ ಬಿಗ್ದು ನಾಲ್ಗೆ ಚಾಚಿರೋವು ಕಣ್ಲಾ. ಗಾಡಿ ಹೇರ್ವಾಗ ಮೂಕಿ ಮೇಲೆ ಕೈ ಇಟ್ಟು ವಜ್ಜೆ ನೋಡೋದು ನಿಂಗೆ ಯಾರೂ ಕಲಿಸ್ನಿಲ್ವಾ?" ಅಂದ್ರು. ಕಲಿಸಿದ್ದವರೇ ಅವರು, ಅದು ಬೇರೆ ಮಾತು.

ಆದ್ದರಿಂದ ಲೆಕ್ಕ ಹೀಗೆ ಹಾಕಿ. ತೊಟ್ಟಿ 96 ಇಂಚು ಉದ್ದ ಇದ್ದರೆ ಅದರ ಮಧ್ಯ 48. ಆಕ್ಸಲನ್ನ ಮುಂದಿನ ಅಂಚಿನಿಂದ 58 ಇಂಚಿಗೆ ಇಡಿ, ಅಂದ್ರೆ ಮಧ್ಯದಿಂದ ಹತ್ತು ಇಂಚು ಹಿಂದೆ. ಮೂಕಿ ತೊಟ್ಟಿಯಿಂದ ನಾಲ್ಕಡಿ ಮುಂದೆ ಬಂದಿದ್ದರೆ, ಸಮನಾಗಿ ಒಂದು ಟನ್ ಹೇರಿದಾಗ ಹುಕ್ಕಿನ ಮೇಲೆ ನೂರು ಕೆಜಿ ಹತ್ತಿರ ಕೂರುತ್ತೆ. ಟ್ರ್ಯಾಕ್ಟರಿಗೆ ಹಿಡಿತವೂ ಸಿಗುತ್ತೆ, ಪಿನ್ ಎಳೆದಾಗ ಮೂಕಿ ಹಾರೋದೂ ಇಲ್ಲ. ಕಬ್ಬು, ಮೇವಿನಂಥ ಉದ್ದದ ಮಾಲು ಹಿಂದಕ್ಕೆ ಚಾಚದ ಹಾಗೆ ಹೇರಿ.

ಅಳತೆ 8 ಅಡಿಗೆ 4 ಅಡಿ ಇಟ್ಟುಕೊಳ್ಳಿ. ಅಂಗಡೀಲಿ ಷೀಟು ಅದೇ ಅಳತೇಲಿ ಸಿಗುತ್ತೆ, ಒಂದು ಕತ್ತರಿಕೆಯೂ ಬೇಡ. ನೆಲಕ್ಕೆ 3 ಎಂಎಂ ಷೀಟು, ಸುಮಾರು 70 ಕೆಜಿ. ಸುತ್ತ ಚೌಕಟ್ಟಿಗೂ ಮೂಕಿಗೂ 75 ಎಂಎಂ ಸಿ ಚಾನಲ್, ಮೀಟರಿಗೆ 7 ಕೆಜಿ ಚಿಲ್ಲರೆ. ನಡುವೆ 16 ಇಂಚಿಗೊಂದರಂತೆ ಐದು ಅಡ್ಡಪಟ್ಟಿ, 50 ಬೈ 50 ಬೈ 6 ಎಂಎಂ ಆಂಗಲ್ (ಎಲ್ ಆಕಾರದ ಪಟ್ಟಿ). ಒಂದೂವರೆ ಅಡಿ ಎತ್ತರದ ಪಕ್ಕದ ಹಲಗೆಗೆ 2 ಎಂಎಂ ಷೀಟು ಸಾಕು. ಆಕ್ಸಲ್, ಚಕ್ರ ಬಿಟ್ಟು ಒಟ್ಟು 250ರಿಂದ 260 ಕೆಜಿ ಕಬ್ಬಿಣ ಅಂದ್ಕೊಳ್ಳಿ. ದುಡ್ಡಿನ ಲೆಕ್ಕ ನಾನು ಹೇಳಲ್ಲ, ಕಬ್ಬಿಣದ ರೇಟು ವಾರಕ್ಕೊಂದಿರುತ್ತೆ, ಅವತ್ತಿನ ರೇಟಿಗೆ ಗುಣಿಸಿ.

ಆಕ್ಸಲ್ ಮಾತ್ರ ಮನೇಲಿ ಮಾಡೋಕೆ ಹೋಗಬೇಡಿ. ಹಬ್, ಬೇರಿಂಗ್ ಸಮೇತ ಟ್ರೈಲರಿನದ್ದೇ ಆಕ್ಸಲ್ ಕೊಳ್ಳಿ, ಗುಜರೀಲಿ ಸಿಕ್ಕಿದ್ದಾದರೂ ಬೇರಿಂಗ್ ಹೊಸದು ಹಾಕಿಸಿ. ಇನ್ನೊಂದು, ವೆಲ್ಡ್ ಮಾಡುವಾಗ ಮೆಷಿನ್ನಿನ ಅರ್ತ್ ವೈರಿನ ತುದಿಯ ಕ್ಲಾಂಪನ್ನ ವೆಲ್ಡಿಂಗ್ ಜಾಗದ ಪಕ್ಕದಲ್ಲೇ ಕಚ್ಚಿಸಿ. ಚಕ್ರದ ಕಡೆ ಕಚ್ಚಿಸಿದರೆ ಕರೆಂಟು ಬೇರಿಂಗ್ ಮೂಲಕ ಹರಿದು ಅದರ ಮೈಯೆಲ್ಲ ಗುಳಿ ಬೀಳುತ್ತೆ. ಆಮೇಲೆ ಗುಂಯ್ ಅಂತ ಸದ್ದು ಬಂದಾಗ ಬೇರಿಂಗ್ ಅಂಗಡಿಯವನನ್ನ ಬೈದು ಪ್ರಯೋಜನವಿಲ್ಲ.

ವೆಲ್ಡಿಂಗ್ ಬಗ್ಗೆ. 200 ಆಂಪ್ಸ್‌ನ ಇನ್ವರ್ಟರ್ ಮೆಷಿನ್ ಧಾರಾಳ ಆಯ್ತು. 6013 ನಂಬರಿನ ವೆಲ್ಡಿಂಗ್ ರಾಡ್, 3.15 ಎಂಎಂ ದಪ್ಪ, ಮೆಷಿನ್ ನೂರರಿಂದ 120 ಆಂಪ್ಸಿಗೆ ಇಡಿ. ನಮ್ಮ ಕಡೆ ಸಂಜೆ ಹೊತ್ತು ವೋಲ್ಟೇಜ್ ಬಿದ್ದು ರಾಡ್ ಅಂಟಿಕೊಳ್ಳುತ್ತೆ, ಹಗಲೇ ಮಾಡಿ. ಮಳೆಗಾಲದಲ್ಲಿ ತಂಡಿ ಹಿಡಿದ ರಾಡನ್ನ ಬಿಸಿಲಿಗೆ ಹಾಕಿ ಒಣಗಿಸಿಕೊಳ್ಳಿ. ಕೂಡಿಸೋ ಜಾಗದ ತುಕ್ಕು, ಬಣ್ಣ ಎಲ್ಲ ಗ್ರೈಂಡರಲ್ಲಿ ಹೊಡೆದು ಬೆಳ್ಳಗೆ ಮಾಡಿ. ಸತು ಲೇಪಿಸಿದ ಜಿಐ ಪೈಪ್ ಎಲ್ಲೂ ಬಳಸಬೇಡಿ, ಸತುವಿನ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತೆ.

ಮೊದಲು ಎಲ್ಲವನ್ನೂ ಬರೀ ಟ್ಯಾಕ್ (ಚುಕ್ಕಿಯಷ್ಟು ವೆಲ್ಡ್) ಹಾಕಿ ನಿಲ್ಲಿಸಿ, ಮೂಲೆಯಿಂದ ಮೂಲೆಗೆ ಟೇಪ್ ಹಿಡಿಯಿರಿ. ಎರಡೂ ಕಡೆ 107 ಇಂಚು ಚಿಲ್ಲರೆ ಒಂದೇ ಬರಬೇಕು. ವ್ಯತ್ಯಾಸ ಇದ್ದರೆ ಸುತ್ತಿಗೇಲಿ ಬಡಿದು ಸರಿ ಮಾಡೋಕೆ ಈಗಲೇ ಅವಕಾಶ. ಆಮೇಲೆ ಒಂದೇ ಕಡೆ ಉದ್ದಕ್ಕೆ ಎಳೆಯಬೇಡಿ, ಇಲ್ಲೆರಡು ಇಂಚು, ಎದುರು ಮೂಲೇಲೆರಡು ಇಂಚು, ಹೀಗೆ ಹಾರಿಸಿ ಹಾರಿಸಿ ಹೊಡೀರಿ. ಇಲ್ಲದಿದ್ದರೆ ಚೌಕಟ್ಟು ಹಪ್ಪಳದ ಹಾಗೆ ಸೊಟ್ಟಗಾಗುತ್ತೆ. ಆಕ್ಸಲ್ ಕೂರಿಸುವಾಗಲೂ ಮೂಕಿ ತುದಿಯ ಪಿನ್ ತೂತಿನಿಂದ ಆಕ್ಸಲಿನ ಎರಡೂ ತುದಿಗೆ ಅಳತೆ ಒಂದೇ ಇರಲಿ. ಅರ್ಧ ಇಂಚು ತಪ್ಪಿದರೂ ಟ್ರೈಲರ್ ಓರೆಯಾಗಿ ಎಳೆದು ಟೈರು ಸವೆದು ಹೋಗುತ್ತೆ.

ಮುರಿಯೋದು ಯಾವಾಗಲೂ ಮೂಕಿ. ಅದನ್ನ ತೊಟ್ಟಿಯ ಮುಂದಿನ ಚಾನಲಿಗೆ ಸುಮ್ಮನೆ ಆನಿಸಿ ವೆಲ್ಡ್ ಮಾಡಬೇಡಿ. ಎರಡು ಚಾನಲನ್ನ ಇಂಗ್ಲಿಷಿನ ಎ ಅಕ್ಷರದ ಹಾಗೆ ಕೂಡಿಸಿ, ತೊಟ್ಟಿಯ ಅಡಿಗೆ ಮೂರನೇ ಅಡ್ಡಪಟ್ಟಿವರೆಗೂ ನುಗ್ಗಿಸಿ, ದಾಟುವ ಪ್ರತಿ ಪಟ್ಟಿಗೂ ಬೆಸೆಯಿರಿ. ಬೆಸುಗೆ ಮೂಕಿಯ ಉದ್ದಕ್ಕೆ ಹೋಗಲಿ. ಅಡ್ಡಕ್ಕೆ ಎಳೆದರೆ ಬಿರುಕು ಶುರುವಾಗೋದು ಅದೇ ಗೆರೆಯಿಂದ. ನನ್ನ ಪಕ್ಕದ ಜಮೀನಿನವರ ಟ್ರೈಲರ್ ಅಲ್ಲೇ ಮುರಿದು ನಡುರಸ್ತೇಲಿ ನಿಂತಿತ್ತು. ಪಿನ್ನಿಗೆ ಜೊತೆಗೆ ಒಂದು ಸರಪಳಿಯನ್ನೂ ಕಟ್ಟಿ.

ಮಾಸ್ಕ್ ಇಲ್ಲದೆ ಟ್ಯಾಕ್ ಹಾಕೋ ಚಪಲ ಬರುತ್ತೆ, "ಒಂದೇ ಚುಕ್ಕಿ ತಾನೇ" ಅಂತ. ರಾತ್ರಿ ಎರಡು ಗಂಟೆಗೆ ಕಣ್ಣಲ್ಲಿ ಮರಳು ತುಂಬಿದ ಹಾಗಾಗುತ್ತೆ. ನನಗೆ ಆಗಿದೆ. ಆಲೂಗಡ್ಡೆ ಹೋಳು ಇಟ್ಕೋ ಅಂತ ಹೇಳೋರ ಮಾತು ಕೇಳದೆ ಡಾಕ್ಟರ ಹತ್ತಿರ ಹೋಗಿ.

ಕಾನೂನು: 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೈಲರ್ ಕೂಡ ಮೋಟಾರು ವಾಹನವೇ, ರಸ್ತೆಗೆ ಇಳಿಸಬೇಕಾದರೆ ನೋಂದಣಿ ಬೇಕು. ನನ್ನದು ಹೊಲದಿಂದ ಹಟ್ಟಿಗೆ ಅಷ್ಟೇ. ನೀವು ರಸ್ತೇಲಿ ಓಡಿಸೋರಾದರೆ ಕಬ್ಬಿಣ ಕೊಳ್ಳೋ ಮೊದಲೇ ಆರ್‌ಟಿಒ ಕಚೇರೀಲಿ ವಿಚಾರಿಸಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲಂತೂ 2023ರ ಆಗಸ್ಟಿನಿಂದ ಟ್ರ್ಯಾಕ್ಟರಿಗೇ ಪ್ರವೇಶ ಇಲ್ಲ. ಎಲ್ಲಿ ಓಡಿಸಿದರೂ ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸಿ. ಕಬ್ಬಿನ ಕಾಲದಲ್ಲಿ ಕತ್ತಲಲ್ಲಿ ನಿಂತ ಟ್ರೈಲರಿಗೆ ಬೈಕು ಗುದ್ದೋದು ನಮ್ಮ ಕಡೆ ಹೊಸ ಸುದ್ದಿಯೇನಲ್ಲ.

ನಿಮ್ಮ ಟ್ರ್ಯಾಕ್ಟರಿನ ಹುಕ್ಕು ನೆಲದಿಂದ ಎಷ್ಟು ಇಂಚು ಎತ್ತರ ಇದೆ, ಯಾವ ಸೈಜಿನ ಚಕ್ರ ಹಾಕ್ತೀರಿ, ಎರಡೂ ಇಲ್ಲಿ ಹಾಕಿ. ಹುಕ್ಕಿಗೆ ಸಿಕ್ಕಿಸಿದಾಗ ತೊಟ್ಟಿ ಮಟ್ಟವಾಗಿ ನಿಲ್ಲಬೇಕು, ಮೂಕಿ ಎಷ್ಟು ತಗ್ಗಿರಬೇಕು ಅಂತ ಅದರ ಮೇಲೆ ಹೇಳಬಹುದು. ಅಲ್ಲೀವರೆಗೆ ಮೂಕಿಯ ಚಾನಲ್ ಕತ್ತರಿಸಬೇಡಿ.